ಕಾಗದ ನಾಳೆ

ಆರುನೂರು ಡಾಲರು, ಜೊತೆಗೆ ನನ್ನ ಹಳೇ ಗರಗಸ.
ಗಸ್ಪಾರ್ ಎಣಿಸಲೂ ಇಲ್ಲ.
ಕೀಲಿಕೈಯನ್ನು ನನ್ನ ಕೈಗವಸಿನೊಳಗೆ ತುರುಕಿ
"ಕಾಗದ ನಾಳೆ ಕೊಡ್ತೀನಿ" ಅಂದ.
ನವೆಂಬರ್ ಅದು. ನದಿ ಇನ್ನೂ ಹೆಪ್ಪುಗಟ್ಟಿರಲಿಲ್ಲ.
ಆಚೆ ದಡದಲ್ಲಿ ಕೆನಡಾದ ದೀಪಗಳು ಎಂದಿನಂತೆ
ನಮಗಿಂತ ಒಂದು ಗಂಟೆ ಮುಂದೆ ಉರಿಯುತ್ತಿದ್ದವು.

ಮೇಯ್ನಿನ ಈ ಉತ್ತರ ತುದಿಯಲ್ಲಿ
ನಾಳೆ ಅಂದರೆ ಸುಳ್ಳಲ್ಲ.
ಹಿಮ ನಿಂತ ಮೇಲೆ, ಆಲೂಗಡ್ಡೆ ಉಗ್ರಾಣ ಖಾಲಿಯಾದ ಮೇಲೆ,
ಎಂದೋ ಒಂದು ದಿನ.
ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು
ಪಾದ್ರಿಯ ಕೈಲಿ ಬೈಸಿಕೊಂಡವಳು ನಾನು.
ರಸೀದಿ ಕೇಳಲು ನಾಲಿಗೆ ಹೊರಳಲಿಲ್ಲ.

ನಂಬರ್ ಪ್ಲೇಟಿಗೆ ಏನು ಮಾಡಿದೆ, ಕೇಳಬೇಡಿ.
ಸರಿ, ಕೇಳಿ:
ಕೊಟ್ಟಿಗೆಯ ಹಿಂದೆ ತುಕ್ಕು ಹಿಡಿದು ಕೂತಿದ್ದ
ಅಪ್ಪನ ಪಿಕಪ್ಪಿನಿಂದ ಬಿಚ್ಚಿ ಇದಕ್ಕೆ ತಿರುಪು ಹಾಕಿದೆ.
ಒಂದು ವಾರದ ಮಟ್ಟಿಗೆ, ಅಂದುಕೊಂಡೆ.
ಹದಿನೇಳು ವಾರ ಓಡಿತು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ
ರಾತ್ರಿಪಾಳಿ ಮುಗಿಸಿ ಬರುತ್ತಿದ್ದೆ, ಬೆಳಗಿನ ಐದೂವರೆ.
ಒಂದು ಕಡೆಯ ದೀಪ ಸತ್ತಿತ್ತು.
ಹಿಂದೆ ನೀಲಿ ಬೆಳಕು ತಿರುಗಿತು,
ರಸ್ತೆಯಂಚಿನ ಹಿಮದ ಗೋಡೆಯೆಲ್ಲ ನೀಲಿ.
ಪೊಲೀಸ್ ಹುಡುಗನಿಗೆ ಆಗತಾನೆ ಮೀಸೆ.
"ಮೇಡಂ, ಈ ಪ್ಲೇಟು ಒಂದು ಪಿಕಪ್ಪಿನದು."
"ಗೊತ್ತು."
"ಇದು ಪಿಕಪ್ಪಲ್ಲ."
"ಅದೂ ಗೊತ್ತು."
ಅವನು ನಗಲಿಲ್ಲ. ನಕ್ಕವಳು ನಾನೇ,
ಅಳುವಿಗೆ ಒಂದು ಹೆಜ್ಜೆ ಮುಂಚೆ ಬರುತ್ತದಲ್ಲ, ಆ ನಗು.

ಕಾರಿಗೆ ಕೊಕ್ಕೆ ಸಿಕ್ಕಿಸಿ ಎಳೆದೊಯ್ದರು,
ಹಗ್ಗ ಜಗ್ಗಿದಾಗ ಮೂಗೆತ್ತಿಕೊಂಡು ಹೋಗುವ ಕರುವಿನ ಹಾಗೆ.
ಯಾರ್ಡಿನಲ್ಲಿ ಅದರ ಬಾಡಿಗೆ ದಿನಕ್ಕೆ ನಲವತ್ತು;
ನಾನು ಮಲಗುವ ಕೋಣೆಗೂ ಅಷ್ಟಿಲ್ಲ.
ಗಸ್ಪಾರ್ ಫೋನು ಎತ್ತಲಿಲ್ಲ.
ಅಂಗಡಿಯಲ್ಲಿ ಒಬ್ಬರು, ಮರ ಕಡಿಯಲು ಹೋಗಿದ್ದಾನೆ ಅಂದರು,
ಇನ್ನೊಬ್ಬರು ಏನೂ ಅನ್ನದೆ ನನ್ನ ಚಿಲ್ಲರೆ ಎಣಿಸಿದರು.
ಅಜ್ಜಿಯ ಫ್ರೆಂಚಿನಲ್ಲಿ ಅವನನ್ನು ಬೈದೆ, ಮನೆಯವರೆಗೂ.
ಆ ಭಾಷೆಯ ಬೈಗುಳಕ್ಕೆಲ್ಲ
ಚರ್ಚಿನ ಪಾತ್ರೆಪಡಗದ ಹೆಸರು.

ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ನೋಡಿದಳು.
"ಮಿಸ್ ಪೆಲ್ಟಿಯೆ, ಕಾರು ಯಾರದು?"
"ನನ್ನದು."
"ಕಾಗದದಲ್ಲಿ?"
ಗುಮಾಸ್ತ ಓದಿದ: "ಕ್ಲೋಟಿಲ್ಡ್ ಡುಬೆ."
ಕೋರ್ಟಿನ ಅರ್ಧ ಜನ ತಲೆಯೆತ್ತಿದರು.
ಹೋದ ಸೆಪ್ಟೆಂಬರಿನಲ್ಲಿ ಆಕೆಯನ್ನು ಮಣ್ಣು ಮಾಡುವಾಗ
ಪೆಟ್ಟಿಗೆಯ ಎಡಗಡೆ ಮೊದಲ ಹಿಡಿ ಮಗ ಗಸ್ಪಾರನದು,
ಅದರ ಹಿಂದಿನದು ನನ್ನದು.

ಆಗ ನೆನಪಾಯಿತು:
ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪೆಪ್ಪರ್‌ಮಿಂಟಿನ ಪೊಟ್ಟಣ,
ಕಡ್ಡಿ ಮುರಿದ ಕನ್ನಡಕ.
ಮೊದಲ ದಿನ ಸೀಟು ಎಷ್ಟು ಮುಂದಿತ್ತೆಂದರೆ
ಸ್ಟಿಯರಿಂಗ್ ನನ್ನ ಎದೆಗೆ ಒತ್ತಿತ್ತು.
ಐದಡಿ ಇಲ್ಲದ ಹೆಂಗಸಿನ ಅಳತೆ.
ಆರಡಿ ಗಸ್ಪಾರ್ ಅದನ್ನು ಹಿಂದೆ ಸರಿಸಿರಲೇ ಇಲ್ಲ.
ತಾಯಿಯ ಹೆಸರಿನ ಕೆಳಗೆ
ಅವನು ಒಂದು ಸಹಿ ಹಾಕಬೇಕಿತ್ತು, ಅಷ್ಟೇ.
ನಾಳೆ, ಅಂದಿದ್ದ.

ಇದನ್ನು ನ್ಯಾಯಾಧೀಶೆಗೆ ಹೇಳಲಿಲ್ಲ.
ಕೇಳಿದ್ದು ಒಪ್ಪಿಗೆಯೋ ಅಲ್ಲವೋ ಎಂದು. ಒಪ್ಪಿದೆ.
ಐನೂರು ದಂಡ, ಒಂದು ತಿಂಗಳು ಗಾಡಿ ಮುಟ್ಟುವಂತಿಲ್ಲ.
ಸಿಟ್ಟು ಇಳಿದಿದೆ ಅಂದುಕೊಳ್ಳಬೇಡಿ;
ಗರಗಸ ವಾಪಸು ಬೇಕು ನನಗೆ.

ಈಗ ಕೆಲಸಕ್ಕೆ ನಾಲ್ಕು ಮೈಲಿ ನಡಿಗೆ, ಕೆಸರು ಹಿಮ.
ಕಾರು ಬಿಡಿಸಲಾಗಲಿಲ್ಲ.
"ಒಳಗಿರೋ ನಿಮ್ಮ ಸಾಮಾನು ತಗೊಂಡು ಹೋಗಿ"
ಅಂದ ಯಾರ್ಡಿನವನು.
ಪೆಪ್ಪರ್‌ಮಿಂಟು, ಕನ್ನಡಕ ಕಿಸೆಗೆ ಹಾಕಿಕೊಂಡೆ.
ನನ್ನವೇ ಎಂದು ಬರೆದು ಸಹಿ ಮಾಡಿದೆ.
ಅವನು ಕೂಡಲೇ ರಸೀದಿ ಹರಿದು ಕೊಟ್ಟ.